ನೀಲಮ್ಮನ ಕಾಲಿಗಾಗಿ ಊರು ಕಂಬಳಿ ಹೊದ್ದದ್ದು

ನಮ್ಮೂರಿನಲ್ಲಿ ಮೈಮೇಲೆ ಬೆಳಕು ಬಿದ್ದರೆ ರಕ್ತನಾಳಗಳು ಸದ್ದು ಮಾಡುತ್ತವೆ. ಬಿಸಿಲು ಏರಿದಷ್ಟೂ ಸದ್ದು ಏರುತ್ತದೆ. ಹಾಗಾಗಿ ನಾವು ಹೊರಗೆ ಹೊರಡುವಾಗ ಕೊಡೆ ಹಿಡಿಯುತ್ತೇವೆ, ತುಂಬುತೋಳು ತೊಡುತ್ತೇವೆ. ಅದು ಸೆಕೆಗಲ್ಲ, ಮರ್ಯಾದೆಗೆ. ಮಕ್ಕಳದು ಡಬ್ಬಿಯಲ್ಲಿ ಹುರಿಗಡಲೆ ಅಲ್ಲಾಡಿಸಿದ ಸದ್ದು. ವಯಸ್ಸಾದವರದು ಒಬ್ಬೊಬ್ಬರದು ಒಂದೊಂದು ಥರ: ಒಬ್ಬರದು ಹಳೆಯ ಫ್ಯಾನಿನಂತೆ, ಇನ್ನೊಬ್ಬರದು ಖಾಲಿ ಬಕೆಟ್ಟಿಗೆ ನಲ್ಲಿ ಬಿಟ್ಟಂತೆ. ಪುರಸಭೆಯ ಅಧ್ಯಕ್ಷ ಹಾಲೇಶಪ್ಪನವರ ಬೋಳುತಲೆ ಮಧ್ಯಾಹ್ನದ ಹೊತ್ತಿಗೆ ಹಿಟ್ಟಿನ ಗಿರಣಿಯಂತೆ ಕೇಳುತ್ತದೆ. ಅವರು ಬರುತ್ತಿರುವುದು ಎರಡು ಬೀದಿ ಮೊದಲೇ ಗೊತ್ತಾಗುವುದರಿಂದ ನಮ್ಮ ಪುರಸಭೆಯ ಗುಮಾಸ್ತರಿಗೆಲ್ಲ ಒಳ್ಳೆಯ ಕೆಲಸಗಾರರೆಂಬ ಹೆಸರಿದೆ.

ತಮ್ಮ ಸದ್ದು ಮಾತ್ರ ಯಾರಿಗೂ ಕೇಳಿಸುವುದಿಲ್ಲ. ಪಕ್ಕದವರಿಗೆ ಕೇಳಿಸುತ್ತದೆ, ಬೀದಿಯ ಕೊನೆಯ ಮನೆಯವರಿಗೆ ಕೇಳಿಸುತ್ತದೆ, ತನಗಿಲ್ಲ. ಮತ್ತೆ, ಒಬ್ಬರ ಸದ್ದು ಹೇಗಿದೆ ಎಂದು ಅವರೆದುರಿಗೆ ಹೇಳುವುದು ನಮ್ಮಲ್ಲಿ ಸಭ್ಯತೆಯಲ್ಲ. ನನಗೆ ಎಪ್ಪತ್ತು ದಾಟಿದೆ, ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು, ಆದರೂ ನನ್ನ ಸದ್ದು ಎಂಥದು ಅಂತ ಇವತ್ತಿಗೂ ತಿಳಿಯದು. ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರನ್ನು ಒಂದು ಸಲ ಕೇಳಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಪರವಾಗಿಲ್ಲ ಅಂದರು. ಆಮೇಲೆ ನಾನು ಕೇಳಲಿಲ್ಲ.

ನಮ್ಮ ಪಕ್ಕದ ಮನೆ ನೀಲಮ್ಮನದು. ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳು ಕರಿತೋಳು ಹೊಲಿಯುತ್ತಾಳೆ. ಕರಿತೋಳು ಅಂದರೆ ಬೆರಳ ತುದಿಯಿಂದ ಭುಜದವರೆಗೆ ಬರುವ ಕಪ್ಪು ಬಟ್ಟೆಯ ಚೀಲ; ಬಾಯಿಗೆ ಲಾಡಿ, ಒಳಗೆ ಮೆತ್ತನೆಯ ಲೈನಿಂಗು. ಸಾವಿನ ಮನೆಗೆ, ಕಚೇರಿಗೆ, ಹೆಣ್ಣು ನೋಡುವುದಕ್ಕೆ, ಎಲ್ಲಿಗೆ ಹೋಗುವುದಿದ್ದರೂ ನಮ್ಮೂರಿನವರಿಗೆ ಅದು ಬೇಕು. ನಾಚಿಕೆಯ ಹೊಸ ಸೊಸೆಯಂದಿರು ಬಂದರೆ ನೀಲಮ್ಮ ಅವರು ಕೇಳದಿದ್ದರೂ ಒಳಗೆ ಇನ್ನೊಂದು ಪದರ ಸೇರಿಸಿ ಕೊಡುತ್ತಾಳೆ. ಕೀಲುನೋವಿನ ಮುದುಕರಿಗೆ ಲಾಡಿಯ ಬದಲು ದೊಡ್ಡ ಗುಂಡಿ ಇಡುತ್ತಾಳೆ. ಅವಳದು ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನು. ಬಲಗಾಲು ಮುಂದೆ, ಎಡಗಾಲು ಸ್ವಲ್ಪ ಹಿಂದೆ. ಮೋಟರು ಹಾಕಿಸಿಕೋ ಅಂತ ಎಷ್ಟು ಜನ ಹೇಳಿದರೂ ಹಾಕಿಸಿಕೊಳ್ಳಲಿಲ್ಲ. ಮೋಟರಿನದು ಒಂದೇ ಓಟವಂತೆ, ತನ್ನ ಕಾಲಿಗೆ ಬಟ್ಟೆಯ ದಪ್ಪ ಗೊತ್ತಾಗುತ್ತದಂತೆ.

ಅವಳ ಗಂಡ ಕರಿಬಸಪ್ಪ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಇಡೀ ಜೀವಮಾನದ ಮಾತನ್ನು ಬಸ್ಸಿನಲ್ಲೇ ಮುಗಿಸಿ ಬಂದವರ ಹಾಗೆ ಮನೆಯಲ್ಲಿ ಸುಮ್ಮನಿರುತ್ತಾರೆ. ಬೆಳಿಗ್ಗೆ ಜಗಲಿಯ ಮೇಲೆ ತೋಳು ಮಡಿಸಿ ಕೂತು ಪೇಪರು ಓದುತ್ತಾರೆ. ಆಗ ಅವರ ಮುಂಗೈಯಿಂದ ಬರುವ ಸದ್ದು, ಸ್ಟ್ಯಾಂಡಿನಲ್ಲಿ ಹೊರಡದೆ ನಿಂತ ಬಸ್ಸಿನ ಗುಡುಗುಡು. ಸ್ವಲ್ಪ ಸ್ವಲ್ಪ ಹೊತ್ತಿಗೆ ಕೊನೆಯಲ್ಲೊಂದು ಸಣ್ಣ ಟಿಣ್. ನಾನು ನನ್ನ ಕಾಫಿ ಆ ಟಿಣ್‌ಗೆ ಸರಿಯಾಗಿ ಇಳಿಸುತ್ತೇನೆ. ಇಷ್ಟು ವರ್ಷ ಪಕ್ಕದಲ್ಲಿದ್ದೂ ಆತ ಹೆಂಡತಿಯ ಕೈ ಹಿಡಿದದ್ದನ್ನು ನಾನು ನೋಡಿಲ್ಲ. ಅವಳಿಗೆ ಏನಾದರೂ ಕೊಡಬೇಕಾದರೆ ನೆಲದ ಮೇಲಿಡುತ್ತಾರೆ, ಅವಳು ಎತ್ತಿಕೊಳ್ಳುತ್ತಾಳೆ. ಜಗಳವಿಲ್ಲ, ಮುನಿಸಿಲ್ಲ. ಅವರ ರೀತಿಯೇ ಹಾಗೆ.

ಈ ನೀಲಮ್ಮನ ಬಲಗಾಲಿನ ಬೆರಳಿಗೆ ಮೆಷಿನ್ನಿನ ತುಳಿಹಲಗೆ ತಾಗಿ ಗಾಯವಾಯಿತು. ಸಕ್ಕರೆ ಕಾಯಿಲೆಯವಳು, ಗಾಯ ಮಾಗಲಿಲ್ಲ. ಅರಿಶಿನ ಹಚ್ಚಿದಳು, ಯಾರೋ ಹೇಳಿದ ಸೊಪ್ಪು ಕಟ್ಟಿದಳು, ಯಾರಿಗೂ ಕಾಣದಂತೆ ಕಾಲುಚೀಲ ಹೊಲಿದುಕೊಂಡು ತುಳಿಯುತ್ತಲೇ ಇದ್ದಳು. ಎರಡು ಬೆರಳು ಕಪ್ಪಗಾದ ಮೇಲೆ ನಾನೇ ಗದರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ನಮ್ಮೂರ ಆಸ್ಪತ್ರೆಯ ಡಾಕ್ಟರು ಫರ್ಜಾನ ಅಂತ. ಹೊರಗಿನವರು, ಸಣ್ಣ ವಯಸ್ಸು, ಬಂದು ಮೂರು ತಿಂಗಳಾಗಿತ್ತು. ಹೊರಗಿನಿಂದ ಬಂದವಳಾದ್ದರಿಂದ ತನಗೆ ಸದ್ದಿಲ್ಲ ಅಂತ ಆ ಹುಡುಗಿ ನಂಬಿದ್ದಳು. ಅವಳ ಸದ್ದು ಹೊಸ ಚಪ್ಪಲಿಯ ಕಿರ್ರ್‌ನಂತೆ ಆಸ್ಪತ್ರೆಗೆಲ್ಲ ಕೇಳುತ್ತಿತ್ತು. ಒಬ್ಬರೂ ಹೇಳಿರಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದ ಆಯಾ ಕೂಡ.

ಫರ್ಜಾನ ಡಾಕ್ಟರು ಗಾಯ ನೋಡಿ, ಕಾಲು ಮುಟ್ಟಿ ನೋಡಿ, ನಮ್ಮಿಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದಳು. ಶುಕ್ರವಾರ ಮಧ್ಯಾಹ್ನ ದೊಡ್ಡ ಊರಿನಿಂದ ಶಸ್ತ್ರಚಿಕಿತ್ಸೆಯ ಡಾಕ್ಟರು ಬರುತ್ತಾರೆ. ತಿಂಗಳಿಗೆ ಒಂದೇ ಸಲ ಬರುವುದು, ಇನ್ನೊಂದು ತಿಂಗಳು ಈ ಕಾಲು ಕಾಯುವುದಿಲ್ಲ. ಹಿಮ್ಮಡಿಯವರೆಗೆ ರಕ್ತ ಬರುತ್ತಿದ್ದರೆ ಎರಡು ಬೆರಳು ಮಾತ್ರ ತೆಗೆಯುತ್ತಾರೆ, ಪಾದ ಉಳಿಯುತ್ತದೆ. ಬರದಿದ್ದರೆ ಮೊಣಕಾಲ ಕೆಳಗೆ ತೆಗೆಯಬೇಕು. ಬರದೆ ಇರುವಾಗ ಬರುತ್ತಿದೆ ಅಂದುಕೊಂಡು ಬೆರಳಷ್ಟೇ ತೆಗೆದರೆ ಅದು ಮಾಗುವುದಿಲ್ಲ, ವಿಷ ಮೇಲೇರಿ ಜೀವಕ್ಕೇ ಬರುತ್ತದೆ. ಆದ್ದರಿಂದ ಒಳಗಿನ ನಾಳದ ಚಿತ್ರ ಬೇಕು.

ಚಿತ್ರಕ್ಕೆ ಒಂದು ಬೆಳಕಿನ ಯಂತ್ರವಿತ್ತು. ಅದು ಚರ್ಮದೊಳಕ್ಕೆ ಮಿಂಚಿನಂಥ ಬೆಳಕು ಬಿಡುತ್ತದೆ, ರಕ್ತ ಅದನ್ನು ಹೀರಿ ಬಿಸಿಯಾಗಿ ಒಂದು ಚೂರು ಹಿಗ್ಗುತ್ತದೆ, ಹಿಗ್ಗಿದ್ದು ಸದ್ದಾಗುತ್ತದೆ, ಆ ಸದ್ದನ್ನು ಕೇಳಿ ಯಂತ್ರ ನಾಳದ ಚಿತ್ರ ಬರೆಯುತ್ತದೆ. ಬೇರೆ ಊರುಗಳಲ್ಲಿ ಈ ಸದ್ದು ಕಿವಿಗೆ ಕೇಳಿಸುವುದೇ ಇಲ್ಲವಂತೆ, ಯಂತ್ರಕ್ಕೆ ಮಾತ್ರವಂತೆ. ಅಲ್ಲಿಯ ಜನ ಎಷ್ಟು ಒಂಟಿಯೋ ಅನ್ನಿಸಿತು ನನಗೆ. ನಮ್ಮಲ್ಲಿ ತೊಂದರೆಯೇ ಬೇರೆ. ಒಳಗಿನ ನಾಳದ ಸದ್ದು ತೀರ ಸಣ್ಣದು, ಹೊರಗೆ ಊರೆಲ್ಲ ಬಿಸಿಲಿನಲ್ಲಿ ಮೊರೆಯುತ್ತಿರುತ್ತದೆ. ಮೊದಲ ದಿನ ನೀಲಮ್ಮನ ಪಾದಕ್ಕೆ ಯಂತ್ರ ಹಿಡಿದಾಗ ಪರದೆಯ ಮೇಲೆ ಮೂಡಿದ್ದು ಆಸ್ಪತ್ರೆಯ ಎದುರಿನ ಸೊಪ್ಪು ಮಾರುವವಳ ಎರಡು ತೋಳು. ನೀಲಮ್ಮ ಅದನ್ನು ನೋಡಿ, ಒಳ್ಳೆ ಗಟ್ಟಿ ಕೈ, ಅಂದಳು.

ರಾತ್ರಿ ಮಾಡಬಹುದಿತ್ತು. ಆದರೆ ಯಂತ್ರಕ್ಕೆ ಬೇಕಾದ ಮೂರು ಫೇಸ್ ಕರೆಂಟು ನಮ್ಮೂರಿಗೆ ಬರುವುದು ಬೆಳಿಗ್ಗೆ ಹತ್ತರಿಂದ ಹನ್ನೊಂದು. ಹಾಗಾಗಿ ಹಾಲೇಶಪ್ಪನವರು ಪುರಸಭೆಯಿಂದ ಡಂಗುರ ಹೊಡೆಸಿದರು: ಬುಧವಾರ ಆ ಒಂದು ಗಂಟೆ ಊರಿನಲ್ಲಿ ಯಾರ ಮೈಮೇಲೂ ಬೆಳಕು ಬೀಳಕೂಡದು.

ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ನೀಲಮ್ಮನ ಕರಿತೋಳು ತೊಡದವರು ಊರಿನಲ್ಲಿ ಯಾರಿದ್ದರು? ಜನ ಕಿಟಕಿಗೆ ಗೋಣಿ ಹೊಡೆದು, ಕಂಬಳಿ ಹೊದ್ದು ಕೂತರು. ಎಮ್ಮೆಗಳ ಮೇಲೆ ಟಾರ್ಪಾಲು ಹಾಕಿದರು, ಕೋಳಿಗಳನ್ನು ಮಂಕರಿಯಡಿ ಮುಚ್ಚಿದರು. ಕಾಗೆಗಳಿಗೆ ಹೇಳುವವರಿಲ್ಲ, ಆದರೆ ಅವುಗಳ ಪುಕ್ಕವೇ ಕಪ್ಪು. ಹತ್ತೂವರೆಯ ಬಸ್ಸನ್ನು ಊರಾಚೆ ತಡೆದು ಪ್ರಯಾಣಿಕರಿಗೆಲ್ಲ ಜಮಖಾನ ಹೊದಿಸಿದರಂತೆ. ಹೊರಗಿನವರು, ಊರಿನಲ್ಲಿ ಗಲಾಟೆಯಾಗಿದೆ ಅಂದುಕೊಂಡು ಜಮಖಾನದ ಒಳಗೇ ಹಣೆಹಣೆ ಮುಟ್ಟಿಕೊಂಡು ಪ್ರಾರ್ಥನೆ ಮಾಡಿದರಂತೆ. ಹಾಲೇಶಪ್ಪನವರು ತಮ್ಮ ತಲೆಯ ಮೇಲೆ ಕಡಾಯಿ ಬೋರಲು ಹಾಕಿಕೊಂಡು, ಅದರ ಮೇಲೆ ಶಾಲು ಸುತ್ತಿ, ಪುರಸಭೆಯ ಉಗ್ರಾಣದಲ್ಲಿ ಕೂತರು.

ಆಸ್ಪತ್ರೆಯ ಕೋಣೆಯಲ್ಲಿದ್ದವರು ನಾವು ನಾಲ್ಕೇ ಜನ: ಹಾಸಿಗೆಯ ಮೇಲೆ ನೀಲಮ್ಮ, ಯಂತ್ರದ ಹತ್ತಿರ ಕಪ್ಪು ಗ್ಲೌಸು ಹಾಕಿದ ಡಾಕ್ಟರು, ಕಾಲ ಬಳಿ ಕರಿಬಸಪ್ಪ, ತಲೆಯ ಬಳಿ ನಾನು. ಬೆಳಕು ನಮ್ಮ ಮೇಲೆ ಬೀಳದಿರಲೆಂದು ಪಾದದ ಮೇಲೆ ಕಪ್ಪು ಬಟ್ಟೆಯನ್ನು ಗುಡಾರದ ಹಾಗೆ ಕಟ್ಟಿದ್ದರು. ಡಾಕ್ಟರು ಒಳಗೆ ಕೈಹಾಕಿ, ಮುಟ್ಟಿ ಅಂದಾಜು ಮಾಡಿ ಯಂತ್ರದ ಮೂತಿಯನ್ನು ಚರ್ಮಕ್ಕೆ ಒತ್ತಬೇಕು. ಅವಳ ಕಣ್ಣು ಪರದೆಯ ಮೇಲೆ. ದೀಪ ಆರಿಸುವ ಮುಂಚೆ ನೀಲಮ್ಮ ಸಣ್ಣಗೆ ಅಂದಳು, ಕಾಲು ಮಂಜಿನ ಹಾಗೆ ತಣ್ಣಗಾಗಿದೆ ಅಂತ. ಯಾರಿಗೂ ಹೇಳಿದ್ದಲ್ಲ. ದೀಪ ಆರಿತು. ಪರದೆಯ ಮಿಣುಕಿನಲ್ಲಿ ನನಗೆ ಕಂಡಿತು: ಕರಿಬಸಪ್ಪನವರ ಕೈ ಮೆಲ್ಲಗೆ ಆ ಕಪ್ಪು ಬಟ್ಟೆಯ ಅಂಚನ್ನೆತ್ತಿ ಒಳಗೆ ಹೋಯಿತು. ನಾನು ಮುಖ ಆಚೆ ತಿರುಗಿಸಿದೆ. ಅಂಥದ್ದನ್ನು ನೋಡಬಾರದು ಅನ್ನಿಸಿತು.

ಊರು ಸುಮ್ಮನಿತ್ತು. ಅಂಥ ಮೌನವನ್ನು ನಾನು ಹಗಲಿನಲ್ಲಿ ಕೇಳಿರಲಿಲ್ಲ. ಯಂತ್ರ ಬೆರಳುಗಳ ಮೇಲೆ ಹೋಯಿತು, ಏನಿಲ್ಲ. ಪಾದದ ಮೇಲೆ ಬಂತು, ಏನಿಲ್ಲ. ಹಿಮ್ಮಡಿಗೆ ಬಂದದ್ದೇ ತಡ, ಯಂತ್ರಕ್ಕೆ ಸಿಕ್ಕಿಸಿದ್ದ ಸ್ಪೀಕರಿನ ಡಬ್ಬಿಯೊಳಗಿಂದ ತುಂಬು ಸದ್ದು ಬಂತು. ಪರದೆಯ ಮೇಲೆ ಅರಳಿ ಎಲೆಯ ನರಗಳ ಹಾಗೆ ಗೆರೆಗಳು ಕವಲೊಡೆದವು.

"ಬರ್ತಿದೆ," ಅಂದಳು ಡಾಕ್ಟರು. "ಇಷ್ಟು ಚೆನ್ನಾಗಿ ಬರ್ತಿದೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ. ಕೇಳಿಸ್ತಾ ಎಲ್ರಿಗೂ?"

ನಾನು ಹೂಂ ಅಂದೆ. ಕರಿಬಸಪ್ಪನವರೂ ಸ್ವಲ್ಪ ತಡೆದು ಹೂಂ ಅಂದರು. ನೀಲಮ್ಮ ಏನೂ ಅನ್ನಲಿಲ್ಲ. ಅವಳ ಕಣ್ಣಿನಿಂದ ನೀರು ಇಳಿದು ಕಿವಿಯೊಳಕ್ಕೆ ಹೋಗುತ್ತಿತ್ತು, ನಾನು ಸೆರಗಿನಿಂದ ಒರೆಸಿದೆ.

ಆ ಸಂಜೆ ಊರು ಹಬ್ಬದ ಹಾಗಿತ್ತು. ಯಾರೋ ಹೋಳಿಗೆ ತಂದಿಟ್ಟರು, ಸಕ್ಕರೆ ಕಾಯಿಲೆಯವಳ ಮನೆಗೆ. ಆಮೇಲೆ ನೆನಪಾಗಿ ಬಂದು ತೆಗೆದುಕೊಂಡು ಹೋಗಿ, ಬದಲಿಗೆ ಖಾರದ ರೊಟ್ಟಿ ತಂದರು.

ಮಾರನೆಯ ಬೆಳಿಗ್ಗೆ ನಾನು ಕಾಫಿ ಕಾಯಿಸುತ್ತ ನಿಂತಿದ್ದೆ. ಪಕ್ಕದ ಜಗಲಿಯಿಂದ ಗುಡುಗುಡು ಕೇಳುತ್ತಿತ್ತು. ಟಿಣ್ ಅಂತು, ಕೈ ತಾನಾಗಿ ಪಾತ್ರೆ ಇಳಿಸಿತು, ಹಾಗೇ ನಿಂತುಬಿಟ್ಟೆ. ನಿನ್ನೆ ಆ ಡಬ್ಬಿಯೊಳಗಿಂದ ಬಂದದ್ದು ಇದೇ. ಗುಡುಗುಡು ಇದೇ, ಕೊನೆಯ ಟಿಣ್ಣೂ ಇದೇ. ಡಬ್ಬಿಯಲ್ಲಿ ದೊಡ್ಡದಾಗಿ ಕೇಳಿದ್ದಕ್ಕೆ ನನಗೆ ಗುರುತು ಸಿಕ್ಕಿರಲಿಲ್ಲ. ಹೆಂಡತಿಯ ಹಿಮ್ಮಡಿಯನ್ನು ಬೆಚ್ಚಗೆ ಹಿಡಿದಿದ್ದ ಕೈಯ ರಕ್ತವನ್ನು ಕೇಳಿ ಯಂತ್ರ ಅದರದೇ ಚಿತ್ರ ಬರೆದಿತ್ತು.

ಕಾಫಿ ಅಲ್ಲಿಯೇ ಬಿಟ್ಟು ಹಿತ್ತಲಿನಿಂದ ನೀಲಮ್ಮನ ಮನೆಗೆ ಹೋದೆ. ಅವಳು ಮಂಚದ ಮೇಲೆ ಕಾಲು ಚಾಚಿ, ಯಾರದೋ ಕರಿತೋಳಿಗೆ ಗುಂಡಿ ಹಚ್ಚುತ್ತಿದ್ದಳು. ನಾನು ಹೇಗೆ ಶುರುಮಾಡಲಿ ಅಂತ ತಿಳಿಯದೆ, ನಿನ್ನೆ ಆಸ್ಪತ್ರೆಯಲ್ಲಿ ಸದ್ದು ಬಂತಲ್ಲ, ನಿನಗೆ ಕೇಳಿಸಿತಾ, ಅಂದೆ.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಕೇಳಿಸ್ತು ಅಕ್ಕ."

ಅಷ್ಟು ಸಾಕಿತ್ತು. ಅವಳ ರಕ್ತವಾಗಿದ್ದರೆ ಅವಳಿಗೆ ಕೇಳಿಸಬಾರದಿತ್ತು. ಹೊರಗಿನ ಹುಡುಗಿಯಾದ ಡಾಕ್ಟರಿಗೆ ಇದು ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ.

"ಯಾರದು ಅಂತಾನೂ ಗೊತ್ತಾಯ್ತು," ಅಂದಳು. "ಮೂವತ್ತೆಂಟು ವರ್ಷದಿಂದ ಕೇಳ್ತಿದೀನಿ, ಗೊತ್ತಾಗಲ್ವಾ?"

"ಮತ್ಯಾಕೆ ಸುಮ್ನಿದ್ದೆ?"

"ಹೇಳಿದ್ರೆ ಕೈ ತೆಗೀತಿದ್ರಲ್ಲಕ್ಕ."

ಅವಳೇ ಮುಂದುವರಿಸಿದಳು, ಕೋಣೆಯಲ್ಲಿ ಸುಮ್ಮನಿದ್ದದ್ದು ಅದಕ್ಕೆ, ಮನೆಗೆ ಬಂದ ಮೇಲೂ ಸುಮ್ಮನಿದ್ದದ್ದು ಭಯಕ್ಕೆ ಅಂದಳು. ಮೊಣಕಾಲ ಕೆಳಗೆ ತೆಗೆದರೆ ಮೆಷಿನ್ನು ಯಾವುದರಿಂದ ತುಳಿಯುವುದು? ಬೆರಳು ಮಾತ್ರ ತೆಗೆಯಲಿ, ಆಮೇಲಿನದು ಆಮೇಲೆ ಅಂದುಕೊಂಡಿದ್ದಳು. ಜೀವ ಹೋಗುತ್ತದಲ್ಲ ಅಂತ ನಾನು ಬೈದೆ. ಅವಳು ಒಪ್ಪಿದಳು, ಆದರೆ ಅವರಿಗೆ ಮಾತ್ರ ಹೇಳಬೇಡಿ ಅಂತ ಕೈಹಿಡಿದು ಕೇಳಿಕೊಂಡಳು. ತಮ್ಮಿಂದ ಹೀಗಾಯಿತು ಅಂತ ಗೊತ್ತಾದರೆ ಅವರು ಇನ್ನು ಬದುಕಿರುವವರೆಗೂ ಮುಟ್ಟುವುದಿಲ್ಲ ಅಂದಳು.

ಹೇಳದೆ ದಾರಿಯಿರಲಿಲ್ಲ. ಮುಂಬಾಗಿಲಿಗೆ ಬಂದೆ. ಕರಿಬಸಪ್ಪನವರು ಪೇಪರು ಅಗಲಿಸಿಕೊಂಡು ಕೂತಿದ್ದರು, ಗುಡುಗುಡು ನಡೆದಿತ್ತು. ಅವರ ಸದ್ದು ಹೇಗಿದೆ ಎಂದು ಅವರೆದುರಿಗೆ ಹೇಳಬೇಕು. ಜನ್ಮದಲ್ಲಿ ಯಾರಿಗೂ ಹಾಗೆ ಹೇಳಿದವಳಲ್ಲ ನಾನು. ಮುಖ ನೋಡಿ ಹೇಳಲಾಗದೆ ಪೇಪರಿಗೆ ಹೇಳಿದೆ. ಬಸ್ಸಿನ ವಿಷಯ ಹೇಳಿದೆ, ಟಿಣ್ಣಿನ ವಿಷಯ ಹೇಳಿದೆ, ಕೈ ಬಟ್ಟೆಯೊಳಗೆ ಹೋದದ್ದನ್ನು ನೋಡಿದೆ ಎಂದೂ ಹೇಳಿದೆ.

ಅವರು ಪೇಪರು ಮಡಚಿ, ಅಂಗಿಯ ತೋಳುಗಳನ್ನು ಒಂದೊಂದಾಗಿ ಕೆಳಗಿಳಿಸಿ ಗುಂಡಿ ಹಾಕಿಕೊಂಡರು. ಸದ್ದು ನಿಂತಿತು.

"ನಿನ್ನೆ ನಂಗೇನೂ ಕೇಳಿಸ್ಲಿಲ್ಲ ಅಕ್ಕ," ಅಂದರು. "ಕಿವಿ ಹೋಯ್ತು ಅಂದ್ಕೊಂಡೆ. ಎಲ್ಲರೂ ಅಷ್ಟು ಖುಷಿಯಾಗಿದ್ರಿ. ನಡುವೆ ನನ್ನ ಕಿವಿ ಸಮಾಚಾರ ಯಾಕೆ ಅಂತ ಹೂಂ ಅಂದೆ."

ಡಾಕ್ಟರಿಗೆ ತಾವೇ ಹೇಳುತ್ತೇನೆಂದರು. ಜೊತೆಗೆ ನಾನೂ ಹೋದೆ. ಫರ್ಜಾನ ಡಾಕ್ಟರು ಕೇಳಿ ಬಿಳಿಚಿಕೊಂಡಳು, ಬೈಯಲಿಲ್ಲ. ಮುಟ್ಟಿ ನೋಡುವಾಗ ಹಿಮ್ಮಡಿ ಇಷ್ಟು ದಪ್ಪಗಿದೆಯಲ್ಲ, ಬಾವು ಬಂದಿರಬೇಕು ಅಂದುಕೊಂಡೆ ಅಂದಳು. ಆ ದಿನವೇ ಊರಿಗೆಲ್ಲ ಹೇಳಿ ಕತ್ತಲು ಮಾಡಿಸುವಷ್ಟು ಹೊತ್ತಿರಲಿಲ್ಲ; ಶುಕ್ರವಾರ, ದೊಡ್ಡ ಡಾಕ್ಟರು ಬರುವ ಮುಂಚೆ, ಹತ್ತರಿಂದ ಹನ್ನೊಂದು, ಅದೊಂದೇ ಅವಕಾಶ. ನಾವು ಹೊರಡುವಾಗ ನನ್ನನ್ನು ಮಾತ್ರ ಕರೆದು ಮೆಲ್ಲಗೆ ಕೇಳಿದಳು: "ತಮ್ಮದು ತಮಗೆ ಕೇಳಿಸಲ್ಲ ಅಂದ್ರೆ, ನಂಗೂ ಸದ್ದಿದೆಯಾ?"

ಇದೆ ಅಂದೆ. ಹೇಗಿದೆ ಅಂದಳು. ಪರವಾಗಿಲ್ಲ ಅಂದೆ.

ಶುಕ್ರವಾರ ಹಾಲೇಶಪ್ಪನವರ ಮಗಳ ಮದುವೆ. ಮುಹೂರ್ತ ಹತ್ತೂ ಇಪ್ಪತ್ತಕ್ಕೆ. ಹಿಂದಿನ ದಿನ ನಾವು ಅವರ ಮನೆಗೆ ಹೋದಾಗ ಚಪ್ಪರದಡಿ ನೆಂಟರೆಲ್ಲ ನೆರೆದಿದ್ದರು, ಹೆಂಗಸರು ಅಕ್ಕಿ ಆರಿಸುತ್ತಿದ್ದರು. ಇನ್ನೊಂದು ಸಲ ಊರು ಕತ್ತಲಾಗಬೇಕು ಎಂದು ಕೇಳಿದ ಕೂಡಲೇ ಹಾಲೇಶಪ್ಪನವರ ಹೆಂಡತಿ, ಬುಧವಾರ ಆಯಿತಲ್ಲ, ಮತ್ತೆ ಯಾಕೆ ಅಂದರು. ಅದು ನ್ಯಾಯವಾದ ಪ್ರಶ್ನೆಯೇ. ಯಂತ್ರ ಕೆಟ್ಟಿತ್ತು ಅಂತ ಹೇಳಿ ಮುಗಿಸೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕರಿಬಸಪ್ಪನವರು ಒಂದು ಹೆಜ್ಜೆ ಮುಂದೆ ಬಂದರು. ಬಸ್ಸಿನಲ್ಲಿ ಹಿಂದಿನ ಸೀಟಿನವರೆಗೂ ಮುಟ್ಟುವ ದನಿ, ಎಷ್ಟೋ ವರ್ಷದಿಂದ ಹೊರಗೆ ಬಾರದಿದ್ದದ್ದು, ಬಂತು.

"ನಾನು ನಮ್ಮನೆಯವಳ ಕಾಲು ಹಿಡ್ಕೊಂಡಿದ್ದೆ. ಅದಕ್ಕೇ ಕೆಟ್ಟೋಯ್ತು."

ಅಕ್ಕಿಯ ಮೊರಗಳು ನಿಂತವು. ಇಬ್ಬರು ಹುಡುಗಿಯರು ನಗು ತಡೆಯಲಾರದೆ ಕಂಬದ ಹಿಂದೆ ಹೋದರು. ಕರಿಬಸಪ್ಪನವರು ಕಿವಿಯವರೆಗೆ ಕೆಂಪಾಗಿ ನಿಂತೇ ಇದ್ದರು. ಗಂಡಿನ ಕಡೆಯ ಒಬ್ಬ ಹಣ್ಣು ಮುದುಕಿ ಮಾತ್ರ ಅಕ್ಕಿಯಿಂದ ತಲೆಯೆತ್ತದೆ, ಹಿಡ್ಕೊಳ್ಳದೆ ಮತ್ತೇನು ಮಾಡ್ಬೇಕಿತ್ತಪ್ಪ, ಅಂತ ಕಲ್ಲೊಂದನ್ನು ಆರಿಸಿ ಎಸೆದಳು. ಹಾಲೇಶಪ್ಪನವರು ಪುರೋಹಿತರ ಕಡೆ ನೋಡಿದರು. ಪುರೋಹಿತರು ಶಾಸ್ತ್ರದಲ್ಲಿ ಮುಹೂರ್ತಕ್ಕೆ ಹೊತ್ತು ಹೇಳಿದೆ, ಬೆಳಕು ಹೇಳಿಲ್ಲ ಅಂದರು.

ಹೀಗೆ ಆ ಮದುವೆ ಕಂಬಳಿಯೊಳಗೆ ನಡೆಯಿತು. ನಾನು ಆಸ್ಪತ್ರೆಯಲ್ಲಿದ್ದೆ, ಆಮೇಲೆ ಕೇಳಿದ್ದು: ಕುರಿಯ ಉಣ್ಣೆಯ ನಾಲ್ಕು ಕಂಬಳಿ ಸೇರಿಸಿ ಹೊಲಿದು ಮಂಟಪಕ್ಕೆ ಮುಚ್ಚಿದ್ದರಂತೆ. ವಾಲಗದವರು ವಾದ್ಯ ತೊಡೆಯ ಮೇಲಿಟ್ಟುಕೊಂಡು ಬರೀ ಬೆರಳಾಡಿಸಿದರಂತೆ. ಮಂತ್ರ ಪಿಸುಮಾತಿನಲ್ಲಿ. ಮದುಮಗ ಕತ್ತಲಿನಲ್ಲಿ ತಡಕಾಡಿ ತಾಳಿಯ ಮೊದಲ ಗಂಟನ್ನು ಮದುಮಗಳ ಸೋದರಮಾವನ ಕೊರಳಿಗೆ ಹಾಕಿದ್ದನಂತೆ. ಮಾವ ಪಾಪ, ಗಲಾಟೆಯಾಗಬಾರದೆಂದು ತುಟಿಪಿಟಿಕ್ಕೆನ್ನದೆ, ತಾಳಿಯನ್ನು ಬಿಚ್ಚಿ ಸೊಸೆಯ ಕೈ ಹುಡುಕಿ ದಾಟಿಸಿದನಂತೆ. ಫೋಟೋದವನು ಆ ದಿನ ತೆಗೆದ ಚಿತ್ರಗಳೆಲ್ಲ ಕಪ್ಪು. ಅವುಗಳನ್ನೂ ಆಲ್ಬಮ್ಮಿಗೆ ಅಂಟಿಸಿದ್ದಾರೆ.

ಆಸ್ಪತ್ರೆಯಲ್ಲಿ ಮತ್ತೆ ನಾವು ನಾಲ್ಕು ಜನ. ಈ ಸಲ ಕರಿಬಸಪ್ಪನವರು ತಾವಾಗಿ ಎರಡೂ ಕೈಗೆ ಕರಿತೋಳು ಹಾಕಿಕೊಂಡು ಬಂದಿದ್ದರು, ಒಂದರ ಮೇಲೊಂದು ಮೂರು ಜೊತೆ. ಕೈಗಳು ದಿಂಬಿನ ಹಾಗೆ ಊದಿದ್ದವು. ಬಾಗಿಲಿಗೆ ಬೆನ್ನು ಕೊಟ್ಟು, ಮಂಚದಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ನಿಂತರು. ನೀಲಮ್ಮ ಅವರನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಳು. ಡಾಕ್ಟರು ಬಟ್ಟೆಯೊಳಗೆ ಕೈಹಾಕಿ ಪಾದವನ್ನೆಲ್ಲ ಸವರಿ, ಬೇರೆ ಯಾರ ಬೆರಳೂ ಇಲ್ಲವೆಂದು ನೋಡಿದಳು. ನನ್ನ ಕೈಗಳನ್ನು ಕೂಡ ಎಣಿಸಿದಳು.

ದೀಪ ಆರಿತು. ಊರು ಮೊದಲಿನಂತೆಯೇ ಸುಮ್ಮನಾಯಿತು.

ಬೆರಳುಗಳಲ್ಲಿ ಏನೂ ಇಲ್ಲ. ಪಾದದ ಮೇಲೆ ಏನೂ ಇಲ್ಲ. ಯಂತ್ರ ಹಿಮ್ಮಡಿಗೆ ಬಂತು. ಏನೂ ಇಲ್ಲ. ಡಾಕ್ಟರು ಅದನ್ನು ಅಕ್ಕಿಕಾಳಿನಷ್ಟು ಸರಿಸಿದಳು, ಕಾದಳು, ಮತ್ತೆ ಸರಿಸಿದಳು. ಪರದೆ ಕಪ್ಪಗೆ ನೀರಿನ ಹಾಗಿತ್ತು. ನಾನು ನೀಲಮ್ಮನ ಹಣೆಯ ಮೇಲೆ ಕೈಯಿಟ್ಟಿದ್ದೆ; ಬೆವರಿನಿಂದ ಒದ್ದೆಯಾಗಿತ್ತು. ಕರೆಂಟು ಹೋಗುವುದಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ.

ಹಿಮ್ಮಡಿಯ ಒಳಬದಿಗೆ, ಕಣಕಾಲ ಗಂಟಿನ ಕೆಳಗೆ ಬಂದಾಗ ಏನೋ ಕೇಳಿದ ಹಾಗಾಯಿತು. ತೀರ ಸಣ್ಣದು. ಪಕ್ಕದ ಮನೆಯಲ್ಲಿ ಯಾರೋ ಎಚ್ಚರಿಕೆಯಿಂದ ರವೆ ಜರಡಿ ಹಿಡಿಯುತ್ತಿರುವಂತೆ. ಪರದೆಯ ಮೇಲೆ ದಾರದಂಥ ಒಂದು ಗೆರೆ ಕಂಡಿತು, ಮಾಸಿತು, ಮತ್ತೆ ಕಂಡಿತು. ಡಾಕ್ಟರು ಉಸಿರು ಹಿಡಿದಿದ್ದಳು. ಒಂದು ಸಲ ಮೋಸಹೋದವಳು. ಅದು ಹೊರಗಿನ ಯಾವ ಕಂಬಳಿಯ ತೂತಿನಿಂದ ಬಂದದ್ದೋ ಎಂದು ಅವಳ ಮುಖದಲ್ಲೇ ಬರೆದಿತ್ತು.

"ನೀಲಮ್ಮ," ಅಂದಳು. "ನಿಮಗೆ ಏನಾದ್ರೂ ಕೇಳಿಸ್ತಿದೆಯಾ?"

ನೀಲಮ್ಮ ಕಣ್ಣು ಬಿಟ್ಟಳು. ಕತ್ತಲನ್ನು ಬಹಳ ಹೊತ್ತು ಕೇಳಿದಳು. ಅವಳ ಬಾಯಿ ಅಳುವ ಮಕ್ಕಳ ಬಾಯಿಯ ಹಾಗೆ ಸೊಟ್ಟಗಾಯಿತು.

"ಇಲ್ಲಮ್ಮ. ಏನೂ ಇಲ್ಲ. ಹೋಯ್ತು ನನ್ನ ಕಾಲು."

ಬಾಗಿಲ ಬಳಿಯಿಂದ ಕರಿಬಸಪ್ಪನವರ ದನಿ ಬಂತು. "ನಂಗೆ ಕೇಳಿಸ್ತಿದೆ ಕಣೇ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನನಗೂ ಕೇಳಿಸ್ತಿದೆ ನೀಲಾ ಅಂತ ನಾನೂ ಹೇಳಿದೆ. ಡಾಕ್ಟರು ನನಗೂ, ಅಂದಳು. ಮೂವರಿಗೂ ಕೇಳಿಸುತ್ತಿತ್ತು, ಅವಳಿಗೊಬ್ಬಳಿಗೆ ಇಲ್ಲ. ಅವಳು ಮತ್ತೆ ಕಿವಿಗೊಟ್ಟಳು, ತನಗೆ ನಿಜವಾಗಿಯೂ ಕೇಳಿಸುತ್ತಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳುವವಳ ಹಾಗೆ. ಏನೂ ಇಲ್ಲಕ್ಕ, ಒಂದು ಚೂರೂ ಇಲ್ಲ ಅಂತ ನನ್ನ ಕೈ ಹಿಸುಕಿದಳು, ಅಳುತ್ತಿದ್ದಳೋ ನಗುತ್ತಿದ್ದಳೋ.

ದೊಡ್ಡ ನಾಳ ಮುಚ್ಚಿಹೋಗಿತ್ತು. ಅದನ್ನು ಬಳಸಿಕೊಂಡು ಒಂದು ಸಣ್ಣ ನಾಳ ತಾನಾಗಿ ದಾರಿ ಮಾಡಿಕೊಂಡು ಹಿಮ್ಮಡಿಗೆ ಬಂದಿತ್ತು. ಅಷ್ಟು ಸಾಕು ಎಂದರು ಮಧ್ಯಾಹ್ನ ಬಂದ ದೊಡ್ಡ ಡಾಕ್ಟರು. ಎರಡು ಬೆರಳು ತೆಗೆದರು, ಪಾದ ಉಳಿಸಿದರು. ಮುಚ್ಚಿದ ನಾಳವನ್ನು ತೆರೆಯಿಸಲು ಮುಂದಿನ ವಾರವೇ ದೊಡ್ಡ ಊರಿಗೆ ಕರೆದರು. ಅದೆಲ್ಲ ಆಮೇಲೆ. ನಾನು ಹೇಳುತ್ತಿರುವುದು ಅದಕ್ಕೂ ಮುಂಚಿನ ಮಾತು. ಡಾಕ್ಟರು ಚಿತ್ರ ತೆಗೆದುಕೊಂಡಿದ್ದಳು, ಕರೆಂಟು ಹೋದ ಮೇಲೆ ಕಿಟಕಿಯ ಗೋಣಿಯನ್ನು ಒಂದು ಚೂರು ಸರಿಸಿದ್ದಳು. ಯಂತ್ರ ತಣ್ಣಗಾಗುತ್ತ ಟಿಕ್ ಟಿಕ್ ಅನ್ನುತ್ತಿತ್ತು. ಮುಗಿಯಿತು ಅಂತ ಊರಿಗೆ ಹೇಳಬೇಕಿತ್ತು; ಹೇಳುವುದಕ್ಕೆ ನಮ್ಮಲ್ಲಿ ಒಬ್ಬರೂ ಎದ್ದಿರಲಿಲ್ಲ, ಊರೂ ಅಲ್ಲಾಡದೆ ಕಂಬಳಿಯೊಳಗೆ ಕಾಯುತ್ತಿ‌ತ್ತು, ಮದುಮಕ್ಕಳ ಸಮೇತ.

ಕರಿಬಸಪ್ಪನವರು ಬಾಗಿಲು ಬಿಟ್ಟು ಮಂಚದ ಹತ್ತಿರ ಬಂದರು. ಆ ಊದಿದ ಕರಿಗೈಗಳನ್ನು ಎದೆಯ ಮುಂದೆ ಹಿಡಿದುಕೊಂಡು ನಿಂತರು.

"ಡಾಕ್ಟ್ರೇ," ಅಂದರು. "ಈಗ ಹಿಡ್ಕೋಬಹುದಾ?"

ಹಿಡ್ಕೊಳ್ಳಿ ಅಂದಳು ಡಾಕ್ಟರು. ಅವರು ಮೊದಲನೆಯ ಕರಿತೋಳಿನ ಲಾಡಿಯನ್ನು ಹಲ್ಲಿನಿಂದ ಎಳೆಯತೊಡಗಿದರು. ಬಿಗಿಯಾಗಿ ಕಟ್ಟಿತ್ತು. ಮೂರು ಜೊತೆ ಬಿಚ್ಚಬೇಕಿತ್ತು. ನೀಲಮ್ಮ ತಲೆಯೆತ್ತಿ, ಆ ಗಂಟು ಹಾಗಲ್ಲ, ಇತ್ತ ಕೊಡಿ, ಅಂತ ಕೈ ಚಾಚಿದಳು. ಅವರು ನೆಲದ ಮೇಲೆ ಏನನ್ನೂ ಇಡಲಿಲ್ಲ. ಎರಡೂ ಕೈಗಳನ್ನು ಅವಳ ಕೈಗೇ ಕೊಟ್ಟರು.